ಹೊರದೇಶದ ಎನ್‌ಎಫ್‌ಎಲ್ ಪಂದ್ಯ: ಯಾವ ಊರಿನ ಟಿಕೆಟ್‌ಗೆ ಕೈ ಹಾಕಬೇಕು?

2022ರ ನವೆಂಬರ್ 13ರಂದು ಮ್ಯೂನಿಕ್‌ನ ಆಲಿಯಾಂಜ್ ಅರೆನಾದಲ್ಲಿ ಟಾಂಪಾ ಬೇ ಬಕನೀರ್ಸ್ ಮತ್ತು ಸಿಯಾಟಲ್ ಸೀಹಾಕ್ಸ್ ಎದುರಾದವು. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಜರ್ಮನಿಯಲ್ಲಿ ಆಡಿಸಿದ ಮೊದಲ ಲೀಗ್ ಪಂದ್ಯ ಅದು. ಒಳಗೆ ಸುಮಾರು 70 ಸಾವಿರ ಆಸನ. ಮಾರಾಟ ತೆರೆದಾಗ ಆನ್‌ಲೈನ್ ಸರತಿಯಲ್ಲಿ ನಿಂತವರು ಏಳೂವರೆ ಲಕ್ಷಕ್ಕೂ ಹೆಚ್ಚು. ಇದ್ದಿದ್ದರೆ 30 ಲಕ್ಷ ಟಿಕೆಟ್ ಖರ್ಚಾಗುತ್ತಿದ್ದವು ಎಂದು ಟಿಕೆಟ್ ಮಾರುವ ಕಂಪನಿಯೇ ಅಂದಾಜು ಮಾಡಿತು.

ಆ ಸಂಖ್ಯೆ ಹೊರಬಿದ್ದ ದಿನದಿಂದ ಅಮೆರಿಕನ್ ಫುಟ್‌ಬಾಲ್ ಅಭಿಮಾನಿಗಳ ನಡುವಿನ ಹಳೆಯ ಜಗಳಕ್ಕೆ ಹೊಸ ಬಲ ಬಂದಿದೆ. ಇಷ್ಟು ಬೇಡಿಕೆ ಇರುವಾಗ ಯುರೋಪಿಗೆ ತನ್ನದೇ ಒಂದು ತಂಡ ಯಾಕಿಲ್ಲ ಎನ್ನುವವರು ಒಂದು ಕಡೆ. ಜಾತ್ರೆಗೆ ಬಂದವರೆಲ್ಲ ದಿನದ ಪೂಜೆಗೂ ಬರುತ್ತಾರೆಂದು ಯಾರು ಹೇಳಿದರು ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯ ಬಣದವನು, ಕಾರಣವನ್ನು ಮುಂದೆ ಹೇಳುತ್ತೇನೆ. ಆದರೆ ಓದುಗರಲ್ಲಿ ಹಲವರಿಗೆ, ಅದರಲ್ಲೂ ಲಂಡನ್, ಮ್ಯೂನಿಕ್, ಫ್ರಾಂಕ್‌ಫರ್ಟ್, ಡಬ್ಲಿನ್‌ಗಳಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೆ, ಮೊದಲ ಪ್ರಶ್ನೆ ಇನ್ನೂ ಸರಳವಾದದ್ದು: ಒಂದೇ ಒಂದು ಪಂದ್ಯಕ್ಕೆ ಹೋಗುವುದಾದರೆ ಎಲ್ಲಿಗೆ?

ಆಟವೇ ಹೊಸದಾಗಿದ್ದವರಿಗೆ ಎರಡು ಮಾತು. ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ, ಎಲ್ಲವೂ ಅಮೆರಿಕದವೇ. 2021ರಿಂದ ಪ್ರತಿ ತಂಡಕ್ಕೆ ಒಂದು ಋತುವಿನಲ್ಲಿ 17 ಪಂದ್ಯ, ಅಂದರೆ ತವರಿನಲ್ಲಿ ಎಂಟೋ ಒಂಬತ್ತೋ ಮಾತ್ರ. ಐಪಿಎಲ್‌ಗಿಂತಲೂ ಬಿಗಿಯಾದ ಲೆಕ್ಕ ಇದಲ್ಲವಾದರೂ, ಆಡುವುದು ವಾರಕ್ಕೊಮ್ಮೆ. ಒಂದೊಂದು ತವರಿನ ಪಂದ್ಯಕ್ಕೂ ಊರಿಗೆ ಊರೇ ಸಜ್ಜಾಗುತ್ತದೆ. ಅಂಥ ಒಂದು ಪಂದ್ಯವನ್ನು ಕಿತ್ತು ಸಮುದ್ರದಾಚೆ ಕಳಿಸುವುದೇ ಈ ಇಡೀ ವ್ಯವಹಾರ.

ಲಂಡನ್: ಸಿಗುವ ಟಿಕೆಟ್

2007ರ ಅಕ್ಟೋಬರ್ 28ರಂದು ವೆಂಬ್ಲಿಯಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಮಯಾಮಿ ಡಾಲ್ಫಿನ್ಸ್ ತಂಡವನ್ನು 13–10ರಿಂದ ಸೋಲಿಸಿತು. ಮಳೆ, ಕೆಸರು, ಜಾರುವ ಚೆಂಡು. ಆಟವಾಗಿ ನೋಡಿದರೆ ಅದು ಸಪ್ಪೆ. ಆದರೂ 81 ಸಾವಿರ ಜನ ಬಂದಿದ್ದರು. ಅಲ್ಲಿಂದ ಮುಂದೆ, ಕೊರೊನಾದ 2020 ಬಿಟ್ಟರೆ, ಪ್ರತಿ ವರ್ಷ ಲಂಡನ್‌ನಲ್ಲಿ ಪಂದ್ಯ ನಡೆದಿದೆ. ಈಚೆಗೆ ಅಕ್ಟೋಬರ್‌ನಲ್ಲಿ ಸಾಮಾನ್ಯವಾಗಿ ಮೂರು: ವೆಂಬ್ಲಿಯಲ್ಲಿ ಒಂದು, ಟಾಟನ್‌ಹ್ಯಾಮ್‌ನಲ್ಲಿ ಎರಡು.

ಟಿಕೆಟ್ ಸಿಗುವ ಸಾಧ್ಯತೆಯೇ ನಿಮ್ಮ ಮೊದಲ ಅಳತೆಗೋಲಾಗಿದ್ದರೆ ಬೇರೆ ಯೋಚನೆ ಬೇಡ. ವೆಂಬ್ಲಿ ಪಂದ್ಯಕ್ಕೆ 86 ಸಾವಿರ ದಾಟಿ ಜನ ಸೇರಿದ್ದುಂಟು. ಟಾಟನ್‌ಹ್ಯಾಮ್‌ನಲ್ಲಿ ಸುಮಾರು 62 ಸಾವಿರ ಆಸನ. ಮೂರು ಪಂದ್ಯ ಸೇರಿ ಎರಡು ಲಕ್ಷ ಆಸನ ಬಿಕರಿಯಾಗಬೇಕು. ಹೀಗಾಗಿ ಮೊದಲ ದಿನ ತಪ್ಪಿದವರಿಗೂ ಮುಂದೆ ಅಧಿಕೃತ ಮರುಮಾರಾಟದಲ್ಲಿ ಬಾಗಿಲು ತೆರೆದಿರುತ್ತದೆ. ಎರಡು ದುರ್ಬಲ ತಂಡಗಳು ಬರುವ ವರ್ಷವಾದರಂತೂ ಇನ್ನೂ ಸುಲಭ.

ವೆಂಬ್ಲಿಯೋ ಟಾಟನ್‌ಹ್ಯಾಮೋ ಎಂದರೆ ನನ್ನ ಓಟು ಟಾಟನ್‌ಹ್ಯಾಮ್‌ಗೆ. 2019ರಲ್ಲಿ ತೆರೆದ ಆ ಕ್ರೀಡಾಂಗಣವನ್ನು ಕಟ್ಟುವಾಗಲೇ ಈ ಆಟವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಮೇಲಿನ ಹುಲ್ಲಿನ ಅಂಗಳ ಮೂರು ತುಂಡಾಗಿ ದಕ್ಷಿಣ ಸ್ಟ್ಯಾಂಡಿನ ಕೆಳಗೆ ಸರಿದು ಹೋಗುತ್ತದೆ. ಅದರಡಿಯಲ್ಲಿ ಅಮೆರಿಕನ್ ಫುಟ್‌ಬಾಲ್‌ಗೆಂದೇ ಹಾಸಿದ ಕೃತಕ ಹುಲ್ಲಿನ ಅಂಗಳವಿದೆ. ಇದರಲ್ಲಿ ಪ್ರೇಕ್ಷಕನಿಗೊಂದು ಲಾಭವಿದೆ, ಹಲವರಿಗೆ ಗೊತ್ತಿರುವುದಿಲ್ಲ. ಈ ಆಟದಲ್ಲಿ ಗೆರೆಯ ಪಕ್ಕದಲ್ಲಿ ಒಂದೊಂದು ತಂಡದ ನಲವತ್ತು ಐವತ್ತು ಆಳುಗಳು, ತರಬೇತುದಾರರು, ವೈದ್ಯರು, ನೀರು ಹಿಡಿದವರು ಪಂದ್ಯದುದ್ದಕ್ಕೂ ನಿಂತೇ ಇರುತ್ತಾರೆ. ಸಾಧಾರಣ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ದುಬಾರಿ ದುಡ್ಡು ಕೊಟ್ಟು ಮುಂದಿನ ಸಾಲಿನಲ್ಲಿ ಕೂತವನಿಗೆ ಕಾಣುವುದು ಅವರ ಬೆನ್ನು ಮತ್ತು ಹೆಲ್ಮೆಟ್. ಟಾಟನ್‌ಹ್ಯಾಮ್‌ನಲ್ಲಿ ಕೆಳಗಿನ ಅಂಗಳ ಹುಲ್ಲಿನ ಮಟ್ಟಕ್ಕಿಂತ ಒಂದೂವರೆ ಮೀಟರ್‌ನಷ್ಟು ತಗ್ಗಿನಲ್ಲಿರುವುದರಿಂದ ಮುಂದಿನ ಸಾಲಿನ ಕಣ್ಣು ಅವರ ತಲೆಯ ಮೇಲಿಂದ ಹಾಯುತ್ತದೆ.

ಬೇರೆ ಯಾವ ಊರಿಗೆ ಹೋದರೂ ಎತ್ತರದ ಆಸನವನ್ನೇ ಆರಿಸಿ. ಕ್ರಿಕೆಟ್‌ನಲ್ಲಿ ಬೌಂಡರಿ ಗೆರೆಯ ಹತ್ತಿರ ಕೂರುವ ಆಸೆ ಸಹಜ. ಇಲ್ಲಿ ನೋಡಬೇಕಾದದ್ದು ಹನ್ನೊಂದು ಜನ ಹನ್ನೊಂದು ಜನರ ಎದುರು ಹೇಗೆ ಸಾಲುಗಟ್ಟಿದ್ದಾರೆ, ಚೆಂಡು ಎತ್ತಿದೊಡನೆ ಯಾವ ಸಂದು ತೆರೆಯಿತು ಎಂಬುದು. ಅದು ಮೇಲಿನಿಂದಲೇ ಚೆನ್ನ, ಟಿಕೆಟ್ಟೂ ಅಗ್ಗ.

ಲಂಡನ್‌ನ ಕೊರತೆ ಏನೆಂದರೆ, ಗ್ಯಾಲರಿಯಲ್ಲಿ 32 ತಂಡಗಳ ಜರ್ಸಿಯೂ ಕಾಣುತ್ತದೆ, ಆಡುತ್ತಿರುವ ಎರಡು ತಂಡಗಳ ಮೇಲೆ ಪ್ರಾಣ ಇಟ್ಟವರು ಕಡಿಮೆ. ಚೆಂಡು ಎತ್ತ ಹೋದರೂ ಚಪ್ಪಾಳೆ. ಹೊಸಬರಿಗೆ ಇದೇ ಹಿತ. ಕಟ್ಟಾ ಅಭಿಮಾನಿಗೆ ಸ್ವಲ್ಪ ಪೇಚು. ಇದಕ್ಕೆ ಒಂದಿಷ್ಟು ಅಪವಾದ ಜಾಕ್ಸನ್‌ವಿಲ್ ಜಾಗ್ವಾರ್ಸ್ ಪಂದ್ಯ. 2013ರಿಂದ ಆ ತಂಡ ತನ್ನ ತವರಿನ ಒಂದು ಪಂದ್ಯವನ್ನು ಹೆಚ್ಚುಕಡಿಮೆ ಪ್ರತಿ ವರ್ಷ ವೆಂಬ್ಲಿಗೆ ತಂದಿದೆ. ತಂಡದ ಒಡೆಯ, ಲಾಹೋರ್‌ನಲ್ಲಿ ಹುಟ್ಟಿದ ಶಾಹಿದ್ ಖಾನ್, 2018ರಲ್ಲಿ ವೆಂಬ್ಲಿಯನ್ನೇ ಕೊಳ್ಳಲು ಹೊರಟು ಹಿಂದೆ ಸರಿದವರು. ಹಾಗಾಗಿ ಜಾಗ್ವಾರ್ಸ್‌ಗೆ ಲಂಡನ್‌ನಲ್ಲಿ ತಮ್ಮದೇ ಎನ್ನುವ ಒಂದು ಗುಂಪಿದೆ.

ಜರ್ಮನಿ: ಹದಿನೈದು ವರ್ಷದ ಹಸಿವು

ಗದ್ದಲ, ಹಾಡು, ಮೈ ಜುಮ್ಮೆನ್ನುವ ವಾತಾವರಣ ಬೇಕಿದ್ದರೆ ಜರ್ಮನಿಗೆ ಹೋಗಬೇಕು. 2022ರ ಪಂದ್ಯದ ಕೊನೆಯ ಹೊತ್ತಿಗೆ ಇಡೀ ಆಲಿಯಾಂಜ್ ಅರೆನಾ ಒಟ್ಟಾಗಿ ಹಾಡುತ್ತಿತ್ತು, ಆಟ ಮುಗಿದ ಮೇಲೂ ಜನ ಜಾಗ ಬಿಟ್ಟು ಕದಲಲಿಲ್ಲ. ಅಂದು 21–16ರಿಂದ ಗೆದ್ದ ಬಕನೀರ್ಸ್‌ನ ಟಾಮ್ ಬ್ರೇಡಿ, ಅಷ್ಟು ವರ್ಷ ಆಡಿ ಎಲ್ಲವನ್ನೂ ಕಂಡವರು, ಆ ಜನಸ್ತೋಮವನ್ನು ಬಾಯಿತುಂಬ ಹೊಗಳಿದರು.

ಇದು ಇದ್ದಕ್ಕಿದ್ದಂತೆ ಹುಟ್ಟಿದ ಉತ್ಸಾಹವಲ್ಲ. 1991ರಲ್ಲಿ ಶುರುವಾಗಿ ನಡುವೆ ಎರಡು ವರ್ಷ ನಿಂತು ಮತ್ತೆ ಎದ್ದ ಎನ್‌ಎಫ್‌ಎಲ್‌ನ ಯುರೋಪ್ ಲೀಗ್ ಒಂದಿತ್ತು. ಸ್ಕಾಟ್ಲೆಂಡ್, ಬಾರ್ಸಿಲೋನಾ, ಲಂಡನ್‌ಗಳಲ್ಲಿ ತಂಡಗಳು ಒಂದೊಂದಾಗಿ ಸೊರಗಿದವು. ಜರ್ಮನಿಯಲ್ಲಿ ಮಾತ್ರ ಬೆಳೆದವು. ಕೊನೆಯ ಋತುವಿನಲ್ಲಿ ಉಳಿದಿದ್ದ ಆರು ತಂಡಗಳಲ್ಲಿ ಐದು ಜರ್ಮನಿಯವು: ಫ್ರಾಂಕ್‌ಫರ್ಟ್ ಗ್ಯಾಲಕ್ಸಿ, ರೈನ್ ಫೈರ್, ಬರ್ಲಿನ್ ಥಂಡರ್, ಹ್ಯಾಂಬರ್ಗ್ ಸೀ ಡೆವಿಲ್ಸ್, ಕಲೋನ್ ಸೆಂಚೂರಿಯನ್ಸ್. 2007ರ ಜೂನ್ 23ರಂದು ಫ್ರಾಂಕ್‌ಫರ್ಟ್‌ನಲ್ಲಿ ಫೈನಲ್ ನಡೆಯಿತು, 48 ಸಾವಿರ ಜನ ಸೇರಿದ್ದರು, ಹ್ಯಾಂಬರ್ಗ್ ಗೆದ್ದಿತು. ಒಂದು ವಾರವೂ ಕಳೆಯಲಿಲ್ಲ, ವರ್ಷ ವರ್ಷವೂ ನಷ್ಟ ಎಂದು ಎನ್‌ಎಫ್‌ಎಲ್ ಇಡೀ ಲೀಗಿಗೆ ಬೀಗ ಹಾಕಿತು. ನಾಲ್ಕು ತಿಂಗಳಿಗೆ ವೆಂಬ್ಲಿಯಲ್ಲಿ ಮೆರವಣಿಗೆ! ಆಟವನ್ನು ಪೊರೆದದ್ದು ಜರ್ಮನ್ನರು, ಉಡುಗೊರೆ ಹೋದದ್ದು ಲಂಡನ್‌ಗೆ. 30 ಲಕ್ಷ ಟಿಕೆಟ್‌ನ ಅಂದಾಜನ್ನು ಓದುವಾಗ ಈ 15 ವರ್ಷದ ಕಾಯುವಿಕೆಯನ್ನೂ ಸೇರಿಸಿ ಓದಬೇಕು.

ಪಂದ್ಯಗಳು ಊರಿಂದ ಊರಿಗೆ ತಿರುಗುತ್ತವೆ: 2022 ಮತ್ತು 2024ರಲ್ಲಿ ಮ್ಯೂನಿಕ್, 2023ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಎರಡು, 2025ರ ನವೆಂಬರ್‌ನಲ್ಲಿ ಬರ್ಲಿನ್. ಬರ್ಲಿನ್ ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ, ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನ ಜೊನಾಥನ್ ಟೇಲರ್ ಒಬ್ಬರೇ ಚೆಂಡು ಹಿಡಿದು 244 ಗಜ ಓಡಿ ಗೆಲ್ಲಿಸಿದರು. ಆಟ ಅದ್ಭುತ, ನೋಟ ಅಷ್ಟಕ್ಕಷ್ಟೆ. ಬರ್ಲಿನ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಅಂಗಳದ ಸುತ್ತ ಓಟದ ಹಾದಿ ಇದೆ. ಪ್ರೇಕ್ಷಕ ಅಷ್ಟು ದೂರ ಸರಿಯುತ್ತಾನೆ. ಮ್ಯೂನಿಕ್‌ನಲ್ಲಿ ಆ ಹಾದಿ ಇಲ್ಲ, ಗ್ಯಾಲರಿ ಕಡಿದಾಗಿ ಏರುತ್ತದೆ. ಜರ್ಮನಿಯಲ್ಲೇ ಆರಿಸುವ ಅವಕಾಶ ಇದ್ದರೆ ಮ್ಯೂನಿಕ್ ಪಂದ್ಯಕ್ಕೆ ಕಾಯಿರಿ.

ತೊಂದರೆ ಇರುವುದು ಟಿಕೆಟ್‌ನಲ್ಲಿ. ಮಾರಾಟದ ಹೊತ್ತಿಗೆ ಬೇಗ ಬಂದವರಿಗೆ ಆದ್ಯತೆ ಎಂದು ತಿಳಿಯಬೇಡಿ. ಮಾರಾಟ ತೆರೆಯುವ ಮೊದಲೇ ಕಾಯುವ ಕೋಣೆಗೆ ಬಂದವರೆಲ್ಲರಿಗೂ ತೆರೆದ ಕ್ಷಣದಲ್ಲಿ ಚೀಟಿ ಎತ್ತಿದಂತೆ ಸಂಖ್ಯೆ ಬೀಳುತ್ತದೆ. ಚಿನ್ನಸ್ವಾಮಿಯ ಆರ್‌ಸಿಬಿ ಟಿಕೆಟ್‌ಗೆ ಮನೆಯವರ ಮೊಬೈಲ್‌ಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಕೂತವರಿಗೆ ಈ ತಂತ್ರವನ್ನು ಕಲಿಸಬೇಕಾಗಿಲ್ಲ. ಜರ್ಮನ್ನರೂ ಅದನ್ನೇ ಮಾಡುತ್ತಾರೆ, ಮತ್ತು ಇಲ್ಲೇ 30 ಲಕ್ಷದ ಗುಟ್ಟು ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಒಬ್ಬನೇ ಮೂರು ಕಡೆ ನಿಲ್ಲುತ್ತಾನೆ, ಒಂದು ಬೇಕಿದ್ದವನು ಸಿಕ್ಕರೆ ನಾಲ್ಕು ಕೊಳ್ಳೋಣ ಎನ್ನುತ್ತಾನೆ, ಹೆಚ್ಚಿನ ಬೆಲೆಗೆ ಮಾರುವವನು ಇನ್ನಷ್ಟು. ಬೇಡಿಕೆ ನಿಜ. ಅದರ ಅಂಕಿ ಉಬ್ಬಿದೆ.

ಡಬ್ಲಿನ್, ಮ್ಯಾಡ್ರಿಡ್ ಮತ್ತು ಉಳಿದವು

ಡಬ್ಲಿನ್ ಒಂದು ವಿಶೇಷ ಪ್ರಕರಣ. 2025ರ ಸೆಪ್ಟೆಂಬರ್ 28ರಂದು ಕ್ರೋಕ್ ಪಾರ್ಕ್‌ನಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ 24–21ರಿಂದ ಮಿನೆಸೋಟ ವೈಕಿಂಗ್ಸ್ ತಂಡವನ್ನು ಸೋಲಿಸಿತು. ಸ್ಟೀಲರ್ಸ್ ಅನ್ನು ತಲೆಮಾರುಗಳಿಂದ ನಡೆಸುತ್ತಿರುವ ರೂನಿ ಕುಟುಂಬದ ಬೇರು ಐರಿಷ್. ಡ್ಯಾನ್ ರೂನಿ ಐರ್ಲೆಂಡ್‌ನಲ್ಲಿ ಅಮೆರಿಕದ ರಾಯಭಾರಿಯೂ ಆಗಿದ್ದರು. ಅಂದು ಗ್ಯಾಲರಿ ಸ್ಟೀಲರ್ಸ್‌ನ ಹಳದಿ ಟವೆಲ್‌ಗಳಿಂದ ತುಂಬಿತ್ತು. ಯುರೋಪಿನಲ್ಲಿ ತವರಿನ ಪಂದ್ಯದಂತೆಯೇ ಅನ್ನಿಸುವುದು ಹೀಗೆ ತಂಡಕ್ಕೂ ಊರಿಗೂ ನಿಜವಾದ ನಂಟು ಇದ್ದಾಗ. ಆದರೆ ಇಲ್ಲಿ ಪ್ರತಿ ವರ್ಷದ ಖಾತರಿ ಇಲ್ಲ.

ಮ್ಯಾಡ್ರಿಡ್‌ನ ಬೆರ್ನಬೇವು ಕ್ರೀಡಾಂಗಣ ನೋಡಲು ಭವ್ಯ, ಆಟಕ್ಕೆ ಇನ್ನೂ ಹೊಸದು. 2025ರಲ್ಲಿ ಅಲ್ಲಿ ಡಾಲ್ಫಿನ್ಸ್ ಹೆಚ್ಚುವರಿ ಅವಧಿಯಲ್ಲಿ ವಾಷಿಂಗ್ಟನ್ ಕಮಾಂಡರ್ಸ್ ವಿರುದ್ಧ ಗೆದ್ದಿತು. ಊರು ಸುತ್ತುವ ನೆಪಕ್ಕೆ ಪಂದ್ಯ ಬೇಕಾದವರಿಗೆ ಇದೇ ಸರಿ.

ಮೆಕ್ಸಿಕೊ ಸಿಟಿಯನ್ನು ಮಾತ್ರ ಯಾರೂ ಹಗುರವಾಗಿ ಕಾಣಬಾರದು. ಅಮೆರಿಕದ ಹೊರಗೆ ಲೀಗ್ ಪಂದ್ಯ ಮೊದಲು ನಡೆದದ್ದೇ ಅಲ್ಲಿ, 2005ರ ಅಕ್ಟೋಬರ್ 2ರಂದು, ಆಸ್ಟೆಕಾ ಕ್ರೀಡಾಂಗಣದಲ್ಲಿ, 1,03,467 ಜನರ ಎದುರು. 1994ರ ಒಂದು ಪೂರ್ವಭಾವಿ ಪಂದ್ಯಕ್ಕೆ ಅದಕ್ಕಿಂತಲೂ ಹೆಚ್ಚು, 1,12,376 ಜನ. ಬೇಡಿಕೆಯ ಮಾತು ಬಂದಾಗ ಎಲ್ಲರೂ ಮ್ಯೂನಿಕ್‌ನ ಸರತಿಯನ್ನು ಹೇಳುತ್ತಾರೆ, ಆಸ್ಟೆಕಾದಲ್ಲಿ ನಿಜವಾಗಿಯೂ ಬಂದು ಕೂತವರನ್ನು ಮರೆಯುತ್ತಾರೆ. ತೊಡಕುಗಳೂ ಇವೆ. ಸಮುದ್ರಮಟ್ಟದಿಂದ 2,200 ಮೀಟರ್ ಮೇಲಿರುವ ಊರಿನಲ್ಲಿ ಆಟಗಾರರಿಗೆ ಉಸಿರು ಕಟ್ಟುತ್ತದೆ. 2018ರಲ್ಲಿ ಮಳೆಗೂ ಸಂಗೀತ ಕಾರ್ಯಕ್ರಮಕ್ಕೂ ಸಿಕ್ಕಿ ಅಂಗಳ ಹಾಳಾಗಿ, ಪಂದ್ಯಕ್ಕೆ ವಾರ ಇರುವಾಗ ಅದನ್ನು ಲಾಸ್ ಏಂಜಲಿಸ್‌ಗೆ ಸ್ಥಳಾಂತರಿಸಿದರು. ರ್‍ಯಾಮ್ಸ್ ಮತ್ತು ಚೀಫ್ಸ್ ನಡುವೆ 54–51ರಲ್ಲಿ ಮುಗಿದ ಆ ಪಂದ್ಯವನ್ನು ಜನ ಇಂದಿಗೂ ನೆನೆಯುತ್ತಾರೆ. ವಿಮಾನ, ಹೋಟೆಲ್ ಕಾಯ್ದಿರಿಸಿದ್ದ ಮೆಕ್ಸಿಕೊ ಅಭಿಮಾನಿಗಳು ಬೇರೆ ಕಾರಣಕ್ಕೆ ನೆನೆಯುತ್ತಾರೆ.

ಬ್ರೆಜಿಲ್‌ನ ಪಂದ್ಯ 2024 ಮತ್ತು 2025ರಲ್ಲಿ ಋತುವಿನ ಮೊದಲ ವಾರದ ಶುಕ್ರವಾರ ರಾತ್ರಿ ಬಿದ್ದದ್ದಕ್ಕೆ ಅಮೆರಿಕದ ಒಂದು ಕಾನೂನು ಕಾರಣ. ಶಾಲಾ ಕಾಲೇಜು ಫುಟ್‌ಬಾಲ್‌ಗೆ ಏಟು ಬೀಳದಿರಲೆಂದು, ಸೆಪ್ಟೆಂಬರ್‌ನ ಎರಡನೆಯ ಶುಕ್ರವಾರದಿಂದ ಡಿಸೆಂಬರ್‌ನ ಎರಡನೆಯ ಶನಿವಾರದವರೆಗೆ ಆ ಹೊತ್ತಿನ ಪ್ರಸಾರಕ್ಕೆ ತಡೆ ಇದೆ. ಆ ಎರಡು ವರ್ಷ ಮೊದಲ ವಾರ ಆ ಗೆರೆಯಿಂದ ಹೊರಗೆ ಉಳಿಯಿತು. 2024ರಲ್ಲಿ ಸಾವೊ ಪೌಲೊದಲ್ಲಿ ಈಗಲ್ಸ್ 34–29ರಿಂದ ಪ್ಯಾಕರ್ಸ್ ತಂಡವನ್ನು ಸೋಲಿಸಿದಾಗ ಆಟಗಾರರು ಜಾರಿ ಜಾರಿ ಬೀಳುತ್ತಿದ್ದರು. ಎರಡೂ ತಂಡಗಳದ್ದು ಹಸಿರು ಬಣ್ಣ, ಕ್ರೀಡಾಂಗಣ ಹಸಿರನ್ನು ಕಂಡರಾಗದ ಕೊರಿಂಥಿಯನ್ಸ್ ಕ್ಲಬ್ಬಿನದು. ವೈರಿಗಳಾದ ಪಾಲ್ಮೈರಾಸ್‌ನ ಬಣ್ಣ ಅದು. ಈಗಲ್ಸ್ ಅಂದು ಕಪ್ಪು ಬಟ್ಟೆ ತೊಟ್ಟಿತು.

2026ರ ಪಟ್ಟಿಗೆ ಮೆಲ್ಬರ್ನ್ ಕ್ರಿಕೆಟ್ ಮೈದಾನವೂ ಸೇರಿದೆ. ಆ ಮೈದಾನ ನಮಗೆ ಹೊಸದಲ್ಲ. ಆದರೆ ವೃತ್ತಾಕಾರದ ಕ್ರಿಕೆಟ್ ಅಂಗಳದ ನಡುವೆ ಆಯತಾಕಾರದ ಆಟ ಎಂದಾಗ ದೂರದ ಸಮಸ್ಯೆ ಬರ್ಲಿನ್‌ಗಿಂತ ಹೆಚ್ಚು. ಅಲ್ಲಿರುವವರು ಗೋಲಿನ ಹಿಂದಿನ ಅಗ್ಗದ ಆಸನ ಬಿಟ್ಟು ಬದಿಯ ಆಸನಕ್ಕೆ ದುಡ್ಡು ಹಾಕುವುದು ಒಳ್ಳೆಯದು.

ಬಂದು ಹೋಗುವ ಪಂದ್ಯವೋ, ನೆಲೆ ನಿಲ್ಲುವ ತಂಡವೋ

ಈಗ ಜಗಳಕ್ಕೆ ಬರೋಣ. ಅಭಿಮಾನಿಗಳ ಮುಂದೆ ಮೂರು ದಾರಿಗಳಿವೆ: ಈಗಿನಂತೆ ತಂಡಗಳು ಸರದಿಯಲ್ಲಿ ಬಂದು ಆಡಿ ಹೋಗುವುದು, ಲಂಡನ್‌ಗೆ ಒಂದು ಕಾಯಂ ತಂಡ, ಅಥವಾ ಯುರೋಪಿನಲ್ಲೇ ನಾಲ್ಕು ತಂಡಗಳ ಒಂದು ವಿಭಾಗ.

ಲಂಡನ್ ತಂಡದ ಪರ ವಾದಿಸುವವರು ಮೂರು ಪಂದ್ಯಗಳು ತುಂಬಿದ್ದನ್ನು ತೋರಿಸುತ್ತಾರೆ. ನಾನು ತೋರಿಸುವುದು ಲಂಡನ್ ಮೊನಾರ್ಕ್ಸ್ ತಂಡವನ್ನು. 1991ರಲ್ಲಿ ಯುರೋಪ್ ಲೀಗಿನ ಮೊದಲ ಫೈನಲ್ ವೆಂಬ್ಲಿಯಲ್ಲೇ ನಡೆದು, 61 ಸಾವಿರ ಜನರ ಎದುರು ಮೊನಾರ್ಕ್ಸ್ ಗೆದ್ದಿತು. ಇದಕ್ಕಿಂತ ಒಳ್ಳೆಯ ಆರಂಭ ಯಾರಿಗೆ ಸಿಕ್ಕೀತು? 1995ರಲ್ಲಿ ಮರಳಿ ಬಂದಾಗ ಆಡಿದ್ದು ವೈಟ್ ಹಾರ್ಟ್ ಲೇನ್‌ನಲ್ಲಿ. ಅಂಗಳ ಚಿಕ್ಕದು, 100 ಗಜ ಇರಬೇಕಾದ ಕಡೆ 93 ಗಜಕ್ಕೆ ಗೆರೆ ಎಳೆದರು. ಜನ ಕರಗಿದರು, ಮೈದಾನ ಬದಲಾಯಿತು, ಕೊನೆಗೆ ಊರೂರು ಅಲೆಯುವ ಇಂಗ್ಲೆಂಡ್ ಮೊನಾರ್ಕ್ಸ್ ಆಗಿ 1998ರಲ್ಲಿ ಮುಚ್ಚಿತು. ಇಂದು ಎನ್‌ಎಫ್‌ಎಲ್ ಬಂದಾಗ ತುಂಬಿ ತುಳುಕುವ ಟಾಟನ್‌ಹ್ಯಾಮ್ ಕ್ರೀಡಾಂಗಣ ಎದ್ದಿರುವುದು ಅದೇ ವೈಟ್ ಹಾರ್ಟ್ ಲೇನ್‌ನ ಜಾಗದಲ್ಲಿ. ಅಂದಿನ ಆಟಗಾರರು ಎರಡನೆಯ ದರ್ಜೆಯವರು, ಹೋಲಿಕೆ ಅನ್ಯಾಯ ಎನ್ನಬಹುದು. ಒಪ್ಪುತ್ತೇನೆ. ಆದರೂ ವರ್ಷಕ್ಕೆ ಎಂಟು ಒಂಬತ್ತು ತವರಿನ ಪಂದ್ಯ ಎಂದರೆ ಐದು ಲಕ್ಷಕ್ಕೂ ಹೆಚ್ಚು ಆಸನ, ಅದೂ ಸೋಲುವ ತಂಡಕ್ಕೆ, ಡಿಸೆಂಬರ್‌ನ ಚಳಿಯಲ್ಲಿ. ಅಕ್ಟೋಬರ್‌ನಲ್ಲಿ ತನ್ನ ಪ್ರೀತಿಯ ತಂಡದ ಜರ್ಸಿ ತೊಟ್ಟು ಬರುವ ಲಂಡನ್ನಿಗನು ಆ ಜರ್ಸಿಯನ್ನು ಕಳಚಿ ಹೊಸ ತಂಡಕ್ಕೆ ಒಲಿಯಬೇಕು.

ಟಿಕೆಟ್ ಆಚೆಗಿನ ತೊಡಕುಗಳು ಇನ್ನೂ ಗಟ್ಟಿ. ಸಿಯಾಟಲ್ ಮತ್ತು ಲಂಡನ್ ನಡುವೆ ಎಂಟು ಗಂಟೆ ಸಮಯದ ಅಂತರ. ಫ್ಲೋರಿಡಾ, ಟೆಕ್ಸಸ್‌ಗಳಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ, ಬ್ರಿಟನ್ನಿನ ಮೇಲಿನ ಹಂತದ ತೆರಿಗೆ ಶೇ. 45, ಆಟಗಾರ ಯಾವುದಕ್ಕೆ ಸಹಿ ಹಾಕುತ್ತಾನೆ? ಭಾನುವಾರ ಒಬ್ಬನ ಮೊಣಕಾಲು ಮುರಿದರೆ ಅಮೆರಿಕದ ತಂಡ ಎರಡು ದಿನದಲ್ಲಿ ಬದಲಿ ಆಟಗಾರನನ್ನು ಕರೆಸಿ ಪರೀಕ್ಷಿಸುತ್ತದೆ. ಲಂಡನ್ ತಂಡಕ್ಕೆ ಅದಕ್ಕೂ ವೀಸಾ ಬೇಕು. ನಾಲ್ಕು ತಂಡಗಳ ವಿಭಾಗ ಪ್ರಯಾಣವನ್ನು ಒಂದಿಷ್ಟು ತಗ್ಗಿಸುತ್ತದೆ, ಉಳಿದ ತೊಡಕುಗಳನ್ನು ನಾಲ್ಕು ಪಟ್ಟು ಮಾಡುತ್ತದೆ.

ಲೀಗ್‌ಗೂ ಇದು ಗೊತ್ತಿದೆ ಎಂದೇ ನನ್ನ ಅನುಮಾನ. 2025ರಲ್ಲಿ ಹೊರದೇಶದಲ್ಲಿ ಏಳು ಪಂದ್ಯ ನಡೆದವು. ಮುಖ್ಯಸ್ಥ ರೋಜರ್ ಗುಡೆಲ್ ಅದನ್ನು 16ಕ್ಕೆ ಏರಿಸುವ ಮಾತನ್ನು ಬಹಿರಂಗವಾಗಿಯೇ ಆಡಿದ್ದಾರೆ. ಹದಿನಾರು ಊರಿನಲ್ಲಿ ಒಂದೊಂದು ಪಂದ್ಯ ಎಂದರೆ ಎಲ್ಲ ಕಡೆಯೂ ಕೊರತೆ, ಎಲ್ಲ ಕಡೆಯೂ ಸರತಿ. ಕಾಯಂ ತಂಡ ಬಂದ ದಿನ ಆ ಸರತಿ ಕರಗುತ್ತದೆ.

ಇದರ ಬೆಲೆ ತೆರುವವರು ಅಮೆರಿಕದ ಕಾಯಂ ಟಿಕೆಟ್‌ದಾರರು. ಒಂಬತ್ತು ತವರಿನ ಪಂದ್ಯದಲ್ಲಿ ಒಂದು ಹೊರಟು ಹೋದರೆ ಅವರಿಗೆ ಉಳಿಯುವುದು ಎಂಟು. 2009ರಲ್ಲಿ ಚುನಾವಣೆಯಿಂದಾಗಿ ಐಪಿಎಲ್ ದಕ್ಷಿಣ ಆಫ್ರಿಕಕ್ಕೆ ಹೋಗಿ, ಆರ್‌ಸಿಬಿ ಜೊಹಾನೆಸ್‌ಬರ್ಗ್‌ನ ಫೈನಲ್‌ನಲ್ಲಿ ಆರು ರನ್ನುಗಳಿಂದ ಸೋತಾಗ ಬೆಂಗಳೂರಿನವರು ಒಂದೂ ಪಂದ್ಯವನ್ನು ಊರಲ್ಲಿ ಕಂಡಿರಲಿಲ್ಲ; ಅಮೆರಿಕದ ಆ ಟಿಕೆಟ್‌ದಾರರ ಸಿಟ್ಟು ನಮಗೆ ಅರ್ಥವಾಗಬೇಕು. ಗ್ರೀನ್ ಬೇ ಪ್ಯಾಕರ್ಸ್ ಉದಾಹರಣೆಯೇ ಸಾಕು. 32 ತಂಡಗಳಲ್ಲಿ ಕೊನೆಯದಾಗಿ, 2022ರಲ್ಲಿ, ಅದು ಹೊರದೇಶದಲ್ಲಿ ಲೀಗ್ ಪಂದ್ಯ ಆಡಿತು. ತನ್ನ ತವರಿನ ಪಂದ್ಯವನ್ನು ಬಿಟ್ಟುಕೊಡಲು ಅದು ಒಪ್ಪುತ್ತಿರಲಿಲ್ಲ. ಪ್ಯಾಕರ್ಸ್ ಬಂದರೆ ಹಿಂದೆಯೇ ಬರುವ ಅಭಿಮಾನಿಗಳಿಂದ ಹೋಟೆಲುಗಳೂ ಆಸನಗಳೂ ತುಂಬುತ್ತವೆಂದು ಎದುರಾಳಿಗಳೂ ಆ ಪಂದ್ಯವನ್ನು ಬಿಟ್ಟುಕೊಡುತ್ತಿರಲಿಲ್ಲ.

ಹೊರಡುವ ಮುನ್ನ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಆಯ್ಕೆಯನ್ನು ಕೊನೆಗೆ ನಿರ್ಧರಿಸುವುದು ವೀಸಾ. ಜರ್ಮನಿ, ಸ್ಪೇನ್, ಫ್ರಾನ್ಸ್ ಮೂರಕ್ಕೂ ಒಂದೇ ಷೆಂಗೆನ್ ವೀಸಾ ಸಾಕು; ಜರ್ಮನಿಯಲ್ಲಿ ವಾಸದ ಪರವಾನಗಿ ಇರುವವರು ಮ್ಯಾಡ್ರಿಡ್‌ಗೆ ನೇರ ಹೋಗಬಹುದು, ಲಂಡನ್‌ಗೆ ಆಗದು. ಲಂಡನ್ ಮತ್ತು ಡಬ್ಲಿನ್ ಎರಡನ್ನೂ ನೋಡುವ ಆಸೆ ಇದ್ದರೆ, ಭಾರತೀಯರಿಗಿರುವ ಬ್ರಿಟಿಷ್–ಐರಿಷ್ ವೀಸಾ ಯೋಜನೆಯಡಿ ಒಂದೇ ವೀಸಾದಲ್ಲಿ ಎರಡೂ ಕಡೆ ಹೋಗಬಹುದು. ವೀಸಾ ಕೊಟ್ಟ ದೇಶಕ್ಕೆ ಮೊದಲು ಕಾಲಿಡಬೇಕು. ಅಮೆರಿಕದ ವೀಸಾ ಚಾಲ್ತಿಯಲ್ಲಿರುವವರಿಗೆ ಮೆಕ್ಸಿಕೊಗೆ ಬೇರೆ ವೀಸಾ ಬೇಡ.

ಮೊದಲ ಸಲ ಹೋಗುವವರು ಟಾಟನ್‌ಹ್ಯಾಮ್ ಆರಿಸಲಿ. ಆಟದ ಹುಚ್ಚು ಹತ್ತಿದವರು ಮ್ಯೂನಿಕ್‌ಗೆ ಹೆಸರು ನೋಂದಾಯಿಸಿ, ಸಿಗದಿದ್ದರೆ ಅದೇ ವರ್ಷದ ಮ್ಯಾಡ್ರಿಡ್ ಅಥವಾ ಲಂಡನ್ ಪಂದ್ಯವನ್ನು ಕೈಯಲ್ಲಿಟ್ಟುಕೊಂಡಿರಲಿ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಮೆಕ್ಸಿಕೊ ಸಿಟಿ. ಟಿಕೆಟ್ ಕೈಗೆ ಬರುವ ಮೊದಲೇ ವಾಪಸ್ ಬಾರದ ದರದ ಹೋಟೆಲನ್ನು ಮಾತ್ರ ಯಾರೂ ಕಾಯ್ದಿರಿಸಬೇಡಿ.

ಬೆಂಗಳೂರಲ್ಲೇ ಕೂತು ನೋಡುವವರಿಗೆ ಈ ವಿಸ್ತರಣೆಯಿಂದ ಆಗಿರುವ ಉಪಕಾರವನ್ನು ಅಮೆರಿಕದವರು ಊಹಿಸಲಾರರು. ಅಲ್ಲಿ ನಡೆಯುವ ಭಾನುವಾರದ ಮೊದಲ ಪಂದ್ಯವೇ ನಮಗೆ ರಾತ್ರಿ ಹತ್ತೂವರೆಗೋ ಹನ್ನೊಂದೂವರೆಗೋ ಶುರುವಾಗಿ ಸೋಮವಾರದ ನಿದ್ದೆಯನ್ನು ಕೆಡಿಸುತ್ತದೆ. ಅಕ್ಟೋಬರ್‌ನ ಲಂಡನ್ ಪಂದ್ಯ ಶುರುವಾಗುವುದು ಸಂಜೆ ಏಳಕ್ಕೆ, ನವೆಂಬರ್‌ನ ಜರ್ಮನಿ ಪಂದ್ಯ ಎಂಟಕ್ಕೆ.